ಸೆಲ್ಲರಿನ ಛತ್ತಿಗೊಂದು ಕೌದಿ

ಬಂದ ಮರುದಿನ ಬೆಳಿಗ್ಗೆ ಮನೆ ಮಾಲೀಕರ ಸ್ನಾನದ ನೀರು ನನ್ನ ತಲೆಯ ಮೇಲೆ ಹಾದುಹೋಯಿತು. ಮೈಮೇಲೆ ಬೀಳಲಿಲ್ಲ, ಗಾಬರಿಯಾಗಬೇಡಿ. ನನ್ನ ತಲೆಗಿಂತ ಒಂದೆರಡು ಮೊಳ ಎತ್ತರದಲ್ಲಿ ಬೂದು ಬಣ್ಣದ ದಪ್ಪನೆಯ ಪೈಪೊಂದಿತ್ತು. ಅದರೊಳಗೆ ಗಳಗಳನೆ ನೀರು ಓಡಿ, ಮೂಲೆಯಲ್ಲಿ ತಿರುಗಿ, ಗೋಡೆಯೊಳಗೆ ಮಾಯವಾಯಿತು. ಅದರ ಬೆನ್ನಿಗೇ ಮೇಲೆ ಯಾರೋ ಕೆಮ್ಮಿದರು, ಚೊಂಬು ನೆಲಕ್ಕಿಟ್ಟ ಸದ್ದಾಯಿತು. ಹೊಲಿಗೆ ಯಂತ್ರದ ಕಟ್ಟು ಬಿಚ್ಚುತ್ತಿದ್ದವಳು ಹಾಗೆಯೇ ಕತ್ತೆತ್ತಿ ನಿಂತುಬಿಟ್ಟೆ. ಗುಳೇದಗುಡ್ಡದಲ್ಲಿ ಹುಟ್ಟಿ ಬೆಳೆದು ನಲವತ್ತು ದಾಟಿದ ನಾನು ಒಂದು ಮನೆಯನ್ನು ಅದರ ಹೊಟ್ಟೆಯ ಕಡೆಯಿಂದ ನೋಡಿದ್ದು ಅದೇ ಮೊದಲು.

ನಮ್ಮವರು ರೈಲ್ವೆಯಲ್ಲಿದ್ದಾರೆ. ಗಾಡಿ ಬರುವ ಮೊದಲು ಹಳಿ ಬದಲಿಸಿ ಬಾವುಟ ತೋರಿಸುವ ಕೆಲಸ. ಬಾಗಲಕೋಟೆಯ ಕಡೆ ಇದ್ದವರನ್ನು ಬಂಗಾರಪೇಟೆ ಜಂಕ್ಷನ್ನಿಗೆ ಹಾಕಿದರು. ಅಲ್ಲಿ ಕ್ವಾರ್ಟರ್ಸ್ ಖಾಲಿ ಇರಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಬಾಡಿಗೆ ಮನೆ ತೋರಿಸಿದರು. ಇಲ್ಲಿನ ನೆಲ ನಮ್ಮ ಎರೆಹೊಲದ ಹಾಗೆ ಸಪಾಟಲ್ಲ, ಎಲ್ಲಿ ನೋಡಿದರೂ ಏರು, ಇಳುಕಲು. ರಸ್ತೆಯಿಂದ ನೋಡಿದರೆ ನಮ್ಮದು ಒಂದೇ ಅಂತಸ್ತಿನ ಮನೆ. ಹಿಂದಿನ ಓಣಿಗೆ ಹೋಗಿ ನೋಡಿದರೆ ಎರಡು ಅಂತಸ್ತು. ಆ ಅಡಿಯ ಅಂತಸ್ತೇ ಸೆಲ್ಲರ್. ನೆಲಮಾಳಿಗೆ ಎಂದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ಮುಂದಿನ ಭಾಗದಲ್ಲಿ ಮಾಲೀಕರು, ಪಕ್ಕದ ಎರಡು ಕೋಣೆಯಲ್ಲಿ ನಾವು. ನನ್ನ ಹೊಲಿಗೆ ಯಂತ್ರಗಳಿಗೆ ಮೇಲೆ ಜಾಗ ಸಾಲದೆಂದು ಸೆಲ್ಲರಿನ ಬೀಗದ ಕೈ ಕೊಟ್ಟರು.

ನಮ್ಮ ಕಡೆ ನೆಲದೊಳಗೆ ಇರುತ್ತಿದ್ದದ್ದು ಜೋಳ. ಹಗೇವು ತೋಡಿ ಕಾಳು ತುಂಬಿ ಮೇಲೆ ಕಲ್ಲು ಮುಚ್ಚುತ್ತಿದ್ದರು. ಮನುಷ್ಯರು ಅಲ್ಲಿ ಕುಳಿತು ಕೆಲಸ ಮಾಡುತ್ತಾರೆಂದು ಅಜ್ಜಿಗೆ ಹೇಳಿದ್ದರೆ ನನ್ನ ತಲೆ ಮುಟ್ಟಿ ನೋಡುತ್ತಿದ್ದಳು. ಮಲಗಿ ನೋಡಿದರೆ ಸಾಲಾಗಿ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣು, ಇದು ನಮ್ಮ ಮಾಳಿಗೆ ಮನೆಯ ಛತ್ತು. ಕೆಲಸವಿಲ್ಲದವರನ್ನು ‘ಜಂತಿ ಎಣಿಸುತ್ತ ಬಿದ್ದಿದ್ದಾನೆ’ ಎಂದು ಬೈಯುವುದು ಅದರಿಂದಲೇ. ಈ ಸೆಲ್ಲರಿನಲ್ಲಿ ಎಣಿಸಲು ಜಂತಿ ಇರಲಿಲ್ಲ. ಬರಿಯ ಸಿಮೆಂಟು, ಅದರಲ್ಲಿ ಅಚ್ಚೊತ್ತಿದ ಹಲಗೆಗಳ ಗುರುತು, ಅಲ್ಲಲ್ಲಿ ಇಣುಕುವ ಕಬ್ಬಿಣದ ತಂತಿಯ ತುದಿ, ಕರೆಂಟಿನ ಕೊಳವೆಗಳು, ಮತ್ತೆ ಆ ಸ್ನಾನದ ನೀರಿನ ಪೈಪು.

ಮಾಲೀಕರ ಹೆಸರು ಮುನಿಯಪ್ಪ. ಬಂಗಾರಪೇಟೆಯ ಬಳಿಯ ಹಳ್ಳಿಯವರು. ಹುಡುಗನಾಗಿದ್ದಾಗಲೇ ಚಿನ್ನದ ಗಣಿಗೆ ಸೇರಿ, ನಂದಿದುರ್ಗ ಎಂಬ ಗಣಿಯ ಲೈನ್ ಮನೆಯಲ್ಲಿ ಸಂಸಾರ ಮಾಡಿ, ಗಣಿ ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ಲೈನ್ ಎಂದರೆ ಒಂದರ ಬೆನ್ನಿಗೊಂದು ಅಂಟಿಕೊಂಡ ಕಾರ್ಮಿಕರ ಮನೆಗಳ ಸಾಲು. ಹೆಂಡತಿ ಯಲ್ಲಮ್ಮ. ಹಾಲಿನ ವ್ಯಾನು ಓಡಿಸುವ ಮಗ, ಸೊಸೆ ವರಲಕ್ಷ್ಮಿ, ಒಬ್ಬಳು ಪುಟ್ಟ ಮೊಮ್ಮಗಳು.

ಮೊದಲ ವಾರವೆಲ್ಲ ಮಾತಿನಲ್ಲೇ ಎಡವಿದೆ. ಕನ್ನಡವೇ, ಆದರೆ ‘ಹ’ವನ್ನು ಇವರು ಎಲ್ಲೋ ಇಟ್ಟು ಮರೆತಿದ್ದಾರೆ. ಹೋಗುವುದು ಓಗುವುದಾಗಿದೆ, ಹಾಲು ಆಲಾಗಿದೆ. ಬೇಗ ಎನ್ನಲು ‘ಬಿರ್ನೆ’. ನಡುವೆ ತೆಲುಗು ಬರುತ್ತದೆ, ತಮಿಳು ಬರುತ್ತದೆ, ಯಾವುದು ಎಲ್ಲಿ ಮುಗಿಯಿತೆಂದು ಆಡಿದವರಿಗೂ ತಿಳಿದಂತಿಲ್ಲ. ನಾನು ಗುಳೇದಗುಡ್ಡದವಳೆಂದು ಎಷ್ಟು ಹೇಳಿದರೂ ಮುನಿಯಪ್ಪನವರಿಗೆ ತುಂಗಭದ್ರೆಯಾಚೆ ಇರುವುದು ಒಂದೇ ಊರು.

“ಬಾಮ್ಮಾ ಉಬ್ಬಳ್ಳಿಯಮ್ಮ, ಊಟ ಆಯ್ತಾ?” ಎಂದು ಜಗಲಿಯಿಂದಲೇ ಕೂಗುತ್ತಿದ್ದರು.

“ಆತ್ರೀ ಕಾಕಾ,” ಎನ್ನುತ್ತಿದ್ದೆ. ನಮ್ಮಲ್ಲಿ ಅಪ್ಪನ ತಮ್ಮನಿಗೆ ಕಾಕಾ, ಹಿರಿಯರಿಗೆಲ್ಲ ಕಾಕಾ.

ಒಂದು ದಿನ ಅವರು ಗಂಭೀರವಾಗಿ ಕೇಳಿದರು. “ಅಲ್ಲಾ ಕಣಮ್ಮ, ನನ್ನನ್ಯಾಕೆ ದಿನಾ ಕಾಗೆ ಕರ್ದಂಗೆ ಕರೀತೀರಾ?”

ಯಲ್ಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾನೂ ನಕ್ಕೆ. ಮುದ್ದೆಯನ್ನು ಅಗಿಯದೆ ನುಂಗಲು ಕಲಿಸಿದವರು ಯಲ್ಲಮ್ಮ. ಬಂಗಾರಪೇಟೆಯ ಪಾನಿಪುರಿಯ ನೀರು ತಿಳಿ ಬೆಳ್ಳಗಿರುವುದನ್ನು ಕಂಡು, ಇವರು ಮಸಾಲೆ ಹಾಕುವುದನ್ನೇ ಮರೆತಿದ್ದಾರೆಂದುಕೊಂಡು ಕುಡಿದು ಕಣ್ಣಲ್ಲಿ ನೀರು ತರಿಸಿಕೊಂಡವಳು ನಾನು. ಎಲ್ಲವೂ ಸೋಜಿಗವೇ. ಆದರೂ ಸಂಜೆಯ ಹೊತ್ತು ಎದೆ ಖಾಲಿ ಖಾಲಿ. ಊರಿನಲ್ಲಿ ನನ್ನದೊಂದು ಅಂಗಡಿ ಇತ್ತು. ರವಿಕೆಯ ಖಣ ನೇಯುವ ಊರದು. ನೇಯ್ದದ್ದನ್ನು ರವಿಕೆ ಮಾಡಿ ಕೊಡಲು ನನ್ನ ಬಳಿ ಹೆಂಗಸರು ಕೂರುತ್ತಿದ್ದರು. ಅದನ್ನು ಮುಚ್ಚಿ ಬಂದಿದ್ದೆ. ಇಲ್ಲಿ ಗಂಡ ಡ್ಯೂಟಿಗೆ ಹೋದರೆ ನಾಲ್ಕು ಗೋಡೆ, ಒಂದು ಫೋನು, ಅಷ್ಟೇ.

ಈ ಮನೆಯಲ್ಲಿ ನನ್ನ ಕಿವಿಗೆ ಬಿದ್ದ ಇನ್ನೊಂದು ವಿಚಿತ್ರವೆಂದರೆ ಸೆಲ್ಲರಿಗೆ ಅವರು ‘ಇಂದ್ಗಡೆ’ ಎನ್ನುತ್ತಿದ್ದುದು. “ಈರುಳ್ಳಿ ಮೂಟೆ ಇಂದ್ಗಡೆ ಇಕ್ಕು” ಎಂದರೆ ಇವತ್ತಿಗೇನೋ ಸಂಬಂಧಿಸಿದ್ದೆಂದು ತಿಳಿದು ನಾನು ಸುಮ್ಮನಿದ್ದೆ. ಹಿಂದುಗಡೆ ಎಂದು ಅರ್ಥವಾಗಲು ದಿನಗಳು ಬೇಕಾದವು. ಆದರೆ ಅದು ಮನೆಯ ಹಿಂದೆ ಎಲ್ಲಿದೆ? ಅಡಿಯಲ್ಲಿದೆ. ಮನೆಯೊಳಗಿಂದಲೇ ಮೆಟ್ಟಿಲು ಇಳಿಯುತ್ತದೆ. ‘ಕೆಳಗೆ’ ಎಂದು ಒಬ್ಬರೂ ಅನ್ನುವುದಿಲ್ಲ. ಯಾಕೆಂದು ಆಗ ಕೇಳಲಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡೆ.

ವರಲಕ್ಷ್ಮಿಯನ್ನು ಮೊದಲ ತಿಂಗಳು ನಾನು ನೋಡಿದ್ದೇ ಕಡಿಮೆ. ಬೆಳಕು ಹರಿಯುವ ಮೊದಲೇ ರೈಲು ಹಿಡಿದು ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಹಿಂದಿರುಗುವಾಗ ಮಗಳು ಮಲಗಿರುತ್ತಿದ್ದಳು. ಒಂದು ಭಾನುವಾರ ನಾನು ಖಣ ಕತ್ತರಿಸುವುದನ್ನು ನೋಡುತ್ತ ಕೂತವಳು ಹೇಳಿದಳು.

“ಅಕ್ಕಾ, ಫ್ಯಾಕ್ಟ್ರೀಲಿ ನಂದು ಬರೀ ಕಾಲರ್. ಏಟು ವರ್ಸ ಆಯ್ತು, ಬರೀ ಕಾಲರ್ರೇ. ಒಂದು ಇಡೀ ಅಂಗಿ ಒಲ್ದಿಲ್ಲ ನಾನು.”

“ಇಲ್ಲೇ ನನ್ನ ಜೋಡಿ ಹೊಲಿ ಬಾ ಮತ್ತ. ಪ್ಯಾಟ್ಯಾಗಿನ ಅಂಗಡಿಯವ್ರು ಲಂಗ, ನೈಟಿ ಹೊಲದ ಕೊಡ್ರಿ ಅಂತ ಕೇಳ್ಯಾರ. ಊರಿಂದ ಖಣಾನೂ ತರಸ್ತೀನಿ.”

ಅವಳು ಮಗಳ ತಲೆ ನೇವರಿಸಿದಳು. ಆ ಮಗು ಅಜ್ಜಿಯನ್ನು ಅಮ್ಮಾ ಎಂದು ಕರೆಯುತ್ತಿತ್ತು, ಹೆತ್ತವಳನ್ನು ವರಲಕ್ಷ್ಮೀ ಎಂದು. “ನೀವು ನಡಸ್ತೀರಾ ಅಂದ್ರೆ ನಾಳೇನೇ ರೈಲು ಬಿಟ್ಬುಡ್ತೀನಿ ಅಕ್ಕಾ,” ಎಂದಳು. ಹೇಳುವಾಗ ನಗುತ್ತಿದ್ದಳು, ಆದರೆ ನನ್ನ ಕಣ್ಣನ್ನು ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಅಲ್ಲಿಂದ ಆ ಸೆಲ್ಲರು ನನ್ನೊಬ್ಬಳ ಹುಚ್ಚಾಗಿ ಉಳಿಯಲಿಲ್ಲ.

ಅಡ್ಡಿ ಇದ್ದದ್ದು ಛತ್ತಿನದು. ನಾವು ಗಿಲಾವು ಎನ್ನುತ್ತೇವಲ್ಲ, ಆ ಸಿಮೆಂಟಿನ ಮೆತ್ತುವಿಕೆ ಅದಕ್ಕೆ ಆಗಿಯೇ ಇರಲಿಲ್ಲ. ಮೇಲಿನ ಮನೆ ಮುಗಿಸುವಷ್ಟರಲ್ಲಿ ಮುನಿಯಪ್ಪನವರ ಮಗ ದುಡ್ಡಿಲ್ಲದೆ ಸುಸ್ತಾಗಿದ್ದ. ಮೇಲೆ ಯಾರಾದರೂ ನಡೆದಾಡಿದರೆ ಕೆಳಗೆ ಸಣ್ಣಗೆ ಪುಡಿ ಉದುರುತ್ತಿತ್ತು. ಕಪ್ಪು ಖಣದ ಮೇಲೆ ವಿಭೂತಿ ಉದುರಿಸಿದ ಹಾಗೆ. ತಣ್ಣೀರು ಹರಿದಾಗ ಪೈಪು ಬೆವೆತು ಹನಿ ತೊಟ್ಟಿಕ್ಕುತ್ತಿತ್ತು. ಬೇರೆಯವರ ಬಟ್ಟೆ ಇಟ್ಟುಕೊಂಡು ಕೂರುವ ಜಾಗ ಹೀಗಿದ್ದರೆ ನಡೆಯುತ್ತದೆಯೇ?

ಫಾಲ್ ಸೀಲಿಂಗ್ ಮಾಡುವವನನ್ನು ಕರೆಸಿದೆ. ಅವನು ಟೇಪು ಹಿಡಿದು ಉದ್ದಗಲ ಅಳೆದು, ಹೂವಿನ ಚಿತ್ತಾರಗಳ ಫೋಟೋ ತೋರಿಸಿ, ಕೊನೆಗೆ ಹೇಳಿದ ಮೊತ್ತ ಕೇಳಿ ಚಹಾ ಕೊಟ್ಟು ಕಳಿಸಿದೆ. ಆಮೇಲೆ ಊರೆಲ್ಲ ಛತ್ತು ನೋಡುತ್ತ ತಿರುಗುವುದೇ ನನಗೊಂದು ಚಟವಾಯಿತು. ಬ್ಯಾಂಕಿಗೆ ಹೋದರೂ ಕತ್ತು ಮೇಲೆ, ದರ್ಜಿ ಅಂಗಡಿಗೆ ಹೋದರೂ ಕತ್ತು ಮೇಲೆ. ಒಬ್ಬ ಹೋಟೆಲಿನವನು ಪೈಪುಗಳನ್ನು ಮುಚ್ಚದೆ ಒಂದೊಂದಕ್ಕೆ ಒಂದೊಂದು ಬಣ್ಣ ಬಳಿದು ಚಂದ ಕಾಣಿಸಿದ್ದ. ಅದನ್ನು ನೆನಪಿಟ್ಟುಕೊಂಡೆ. ಮೊಟ್ಟೆಯ ಟ್ರೇ ಅಂಟಿಸಿದರೆ ಯಂತ್ರದ ಸದ್ದು ಮರುದನಿಸುವುದಿಲ್ಲ ಎಂದು ಯಾರೋ ಹೇಳಿದರು. ಕರೆಂಟಿನ ತಂತಿಯ ಪಕ್ಕದಲ್ಲಿ ಒಣ ರಟ್ಟು, ಬೇಡವೆನಿಸಿತು. ಬಿದಿರು ಚಾಪೆ ಬಡಿಯೋಣವೆಂದು ಮಾರುಕಟ್ಟೆಗೆ ಹೋದೆ.

“ಏನ್ ಬೇಕಮ್ಮಾ, ಎನ್ನ ವೇಣುಂ, ಏಂ ಕಾವಾಲ?” ಎಂದು ಚಾಪೆಯವನು ಒಂದೇ ಉಸಿರಿನಲ್ಲಿ ಮೂರು ಭಾಷೆಯಲ್ಲಿ ಕೇಳಿದ.

“ಛತ್ತಿಗೆ ಬಡ್ಯಾಕ ಚಾಪಿ ಬೇಕ್ರಿ,” ಎಂದೆ.

ಅವನು ಪಕ್ಕದ ಅಂಗಡಿಯವನ ಮುಖ ನೋಡಿದ. ಇದು ಯಾವ ನಾಲ್ಕನೆಯ ಭಾಷೆ ಎಂದು ಇಬ್ಬರಿಗೂ ತಿಳಿಯಲಿಲ್ಲ. ಕೈ ಮೇಲೆತ್ತಿ ತೋರಿಸಿದ ಮೇಲೆ ಅರ್ಥವಾಗಿ, “ಮೇಲ್ಗಾ!” ಎಂದು ನಕ್ಕ. ಒಂದು ಚಾಪೆ ತಂದು ಪರೀಕ್ಷಿಸಿದೆ. ಬಿದಿರಿನೊಳಗೆ ಹುಳವಿತ್ತು, ಸಿಮೆಂಟಿಗಿಂತ ಜಾಸ್ತಿ ಪುಡಿ ಅದೇ ಉದುರಿಸಿತು. ಅದನ್ನು ನೆಲಕ್ಕೆ ಹಾಸಿದೆ.

ಆಗ ಅವ್ವ ನೆನಪಾದಳು. ಮಾಳಿಗೆಯ ಮಣ್ಣು ಮಗ್ಗದ ಮೇಲೆ ಉದುರದಿರಲೆಂದು ಅವಳು ಹಳೆಯ ಸೀರೆಯನ್ನು ಜಂತಿಗೆ ಬಿಗಿದು ಮೇಲ್ಕಟ್ಟು ಕಟ್ಟುತ್ತಿದ್ದಳು. ನಾನು ಯಾಕೆ ಕಟ್ಟಬಾರದು? ಒಂದು ಸೀರೆ ಸಾಲದು, ಸೆಲ್ಲರಿನಷ್ಟು ಅಗಲದ್ದು ಬೇಕು. ಕೌದಿ! ಹಳೆಯ ಸೀರೆಗಳನ್ನು ತುಂಡು ತುಂಡಾಗಿ ಜೋಡಿಸಿ ಹೊದೆಯಲು ಹೊಲಿಯುವ ನಮ್ಮ ಕೌದಿ, ಆದರೆ ಭಾರವಾಗದಂತೆ ಒಂದೇ ಪದರದ್ದು. ಓಣಿಯ ಹೆಂಗಸರನ್ನು ಹಳೆಯ ಸೀರೆ ಕೇಳಿದೆ. ಕೊಟ್ಟವರೆಲ್ಲ ಸೀರೆಯ ಜೊತೆ ಅದರ ಕತೆಯನ್ನೂ ಕೊಟ್ಟರು. ಕೆಲಸ ಶುರುವಾದರೆ ತಾವೂ ಬಂದು ಕೂರುತ್ತೇವೆ ಎಂದರು. ಅವ್ವ ಕಳಿಸಿದ ಖಣದ ಚೂರುಗಳನ್ನು ಅಂಚಿಗೆ ಕೊಟ್ಟೆ. ಭಾನುವಾರ ಬಂದರೆ ವರಲಕ್ಷ್ಮಿ ಉದ್ದನೆಯ ಹೊಲಿಗೆಗಳನ್ನು ಸರಸರ ಎಳೆದುಬಿಡುತ್ತಿದ್ದಳು. ಜಗಲಿಯ ತುಂಬ ಹರಡಿದ್ದ ಅದನ್ನು ಮುನಿಯಪ್ಪನವರು ದಿನವೂ ನೋಡುತ್ತಿದ್ದರು.

“ಇಷ್ಟು ದೊಡ್ಡ ಒದ್ಕೆ ಯಾರಿಗಮ್ಮಾ, ಆನೆಗಾ?” ಎಂದರು ಒಮ್ಮೆ.

“ಮನಿಗ್ರೀ ಕಾಕಾ,” ಎಂದೆ. ತಮಾಷೆ ಎಂದುಕೊಂಡು ನಕ್ಕರು. ನಾನು ಬಿಡಿಸಿ ಹೇಳಲಿಲ್ಲ, ಹೇಳಬೇಕೆಂದು ಹೊಳೆಯಲೂ ಇಲ್ಲ.

ಒಂದು ಶುಕ್ರವಾರ ಪೂಜೆ ಇಟ್ಟೆ. ವರಲಕ್ಷ್ಮಿ ರಜೆ ಹಾಕಿದ್ದಳು. ಕೌದಿಯನ್ನು ಗೋಡೆಯಿಂದ ಗೋಡೆಗೆ ಬಿಗಿದು ಕಟ್ಟಿಯಾಗಿತ್ತು. ಪೈಪಿಲ್ಲ, ತಂತಿಯಿಲ್ಲ, ಕೆಂಪು, ಹಸಿರು, ನವಿಲು ಬಣ್ಣದ ಚೌಕಗಳು ತಲೆಯ ಮೇಲೆ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಸೀರೆ ಎಲ್ಲಿದೆಯೆಂದು ಹುಡುಕಿದರು. ಕರ್ಪೂರ ಹಚ್ಚಿದೆ, ಕಾಯಿ ಒಡೆದೆ. ಅಷ್ಟರಲ್ಲಿ ಮುನಿಯಪ್ಪನವರು ಮೆಟ್ಟಿಲ ಮೇಲ್ತುದಿಗೆ ಬಂದು ಬಗ್ಗಿ ನೋಡಿದರು. ಇಳಿಯಲಿಲ್ಲ. ಹೆಗಲ ಮೇಲಿನ ಟವೆಲು ಕೈಗೆ ತೆಗೆದುಕೊಂಡರು.

“ಮೇಲೆ ಮುಚ್ಚಾಕ್ಬುಟ್ಟವ್ರೆ,” ಎಂದರು. ಬೈದಂತಿರಲಿಲ್ಲ. “ವರಲಕ್ಷ್ಮೀ, ಮಗೀನ ಎತ್ಕೊಂಡು ಈಚಿಕ್ ಬಾ.”

“ಮಾವಾ, ಪೂಜೆ…”

“ಬಾಮ್ಮ ಈಚಿಕ್ಕೆ.”

ಅವಳು ಮಗುವನ್ನು ಎತ್ತಿಕೊಂಡು ಮೇಲೆ ಹೋದಳು. ಉಳಿದ ಹೆಂಗಸರು ಕತ್ತೆತ್ತಿ ಕೌದಿಯನ್ನೊಮ್ಮೆ ನೋಡಿದರು. ಈ ಬಾರಿ ತಮ್ಮ ಸೀರೆಯನ್ನು ಹುಡುಕುತ್ತಿರಲಿಲ್ಲ. ಒಬ್ಬಳಿಗೆ ಒಲೆಯ ಮೇಲೆ ಸಾರು ನೆನಪಾಯಿತು, ಇನ್ನೊಬ್ಬಳಿಗೆ ನಲ್ಲಿಯ ನೀರು. ಪ್ರಸಾದ ಹಂಚುವ ಮೊದಲೇ ನಾನೊಬ್ಬಳೇ ಉಳಿದೆ. ಎಲ್ಲರೂ ಗಣಿ ಕಾರ್ಮಿಕರ ಹೆಣ್ಣುಮಕ್ಕಳೋ ಸೊಸೆಯಂದಿರೋ ಎಂದು ಆಗ ನನ್ನ ತಲೆಗೆ ಬರಲಿಲ್ಲ. ಬಂದದ್ದು ಸಿಟ್ಟು. ಇಷ್ಟು ಚಂದದ ವಸ್ತುವಿಗೆ ಇಂಥ ಅವಮಾನವೇ ಎಂದು ಕಾಯಿಹೋಳುಗಳ ಮುಂದೆ ಕೂತು ಅತ್ತೆ. ನಾಳೆಯೇ ಮನೆ ಬಿಡೋಣ ಎಂದು ನಮ್ಮವರಿಗೆ ಹೇಳಿದೆ. ಅವರು ಎಂದಿನಂತೆ, “ಊಟ ಮಾಡು, ಆಮ್ಯಾಲೆ ಬಿಡೂಣು,” ಎಂದರು.

ನಾನು ಮುಖ ಗಂಟಿಕ್ಕಿಕೊಂಡು ತಿರುಗುತ್ತಿದ್ದಾಗ ಯಲ್ಲಮ್ಮ ಒಂದು ಮೊರ ಅವರೆಕಾಳು ಹಿಡಿದು ನಮ್ಮ ಹೊಸ್ತಿಲಿಗೆ ಬಂದರು. ನೆನೆಸಿದ ಕಾಳನ್ನು ಹಿಸುಕಿ ಸಿಪ್ಪೆ ಬಿಡಿಸುವ ಕೆಲಸ ಒಬ್ಬರೇ ಮಾಡುವಂಥದ್ದಲ್ಲ. ನಾನೂ ಕೈ ಹಾಕಿದೆ.

“ಅವ್ರಿಗೆ ನಿಮ್ಮೇಲೆ ಕ್ವಾಪ ಇಲ್ಲ ಅಮ್ಮಣ್ಣೀ,” ಎಂದರು. “ಗಣೀಲಿ ಕಬ್ಬಿಣದ ಕೋಲ್ನಾಗೆ ತಲೆ ಮೇಲಿನ ಬಂಡೆ ತಟ್ಟಿ ನೋಡ್ದೇ ಯಾರೂ ಕೂರ್ತಿರ್ಲಿಲ್ಲ. ಟಣ್ ಅಂದ್ರೆ ಗಟ್ಟಿ. ಡಬ್ ಅಂದ್ರೆ ಓಡ್ಬೇಕು. ಕೆಲವು ಸಲ ಏನೂ ಅನ್ದೇನೇ ಸಿಡೀತಿತ್ತು. ಕೆಳಕ್ಕೆ ಓದೋರೆಲ್ಲಾ ಮೇಲಕ್ಕೆ ಬಂದಿಲ್ಲ.” ‘ಕೆಳಕ್ಕೆ’ ಎನ್ನುವಾಗ ಬಾಗಿಲ ಕಡೆ ತಿರುಗಿ ದನಿ ತಗ್ಗಿಸಿದರು. “ನಮ್ಮನೇಲಿ ಆ ಮಾತು ಆಡಕಿಲ್ಲ. ಅವ್ರು ಸಿಫ್ಟ್‌ಗೆ ಓದಾಗ್ಲೂ ‘ಕೆಲ್ಸಕ್ಕೆ ಓದ್ರು’ ಅಂತಿದ್ವಿ ಅಷ್ಟೇ. ನಮ್ಮನೇರು ಇನ್ಯಾರೂ ಅಲ್ಲಿಗಿಳಿಯಾಕಿಲ್ಲ ಅಂತ ಅವ್ರ ತಾಯಿಗೆ ಭಾಷೆ ಕೊಟ್ಟವ್ರೆ.”

“ಇದು ಗಣಿ ಅಲ್ಲಲ್ರೀ ಯಲ್ಲಮ್ಮಾರ, ನಿಮ್ಮ ಮಗಾ ಕಟ್ಟಿಸಿದ ಮನಿ.”

“ನಂಗೆ ಗೊತ್ತು, ನಿಮ್ಗೆ ಗೊತ್ತು. ಓದ್ ವರ್ಸ ಜ್ವರ ಅಂತ ಆಸ್ಪತ್ರೇಲಿ ಮಲಗ್ಸಿದ್ರೆ, ಮೇಲೆ ಬಿಳೀ ರಟ್ಟು ಕೂರ್ಸಿದ್ರಲ್ಲಾ, ಅದ್ರಾಗೆ ಒಂದು ತೆಗೀರಿ, ಒಳ್ಗೇನೈತೆ ನೋಡ್ಬೇಕು ಅಂತ ನರ್ಸಮ್ಮನ ಜೊತೆ ಜಗಳ. ತೆಗ್ಯೋಗಂಟ ಸೂಜಿ ಆಕಿಸ್ಕಳ್ಳಿಲ್ಲ.”

ಆ ನರ್ಸಿನ ಮುಖ ನೆನೆಸಿಕೊಂಡು ನಗು ಬಂತು. ನಮ್ಮವರಿಗೆ ಹೇಳಿದರೆ, “ಎಂಜಿನಿಯರ್ ಒಬ್ಬರನ್ನ ಕರಕೊಂಡ ಬಂದು ಹೇಳಸೂಣು, ಕಾಂಕ್ರೀಟ್ ಬೀಳಂಗಿಲ್ಲ ಅಂತ,” ಎಂದರು. ಬೇಡವೆಂದೆ. ಛತ್ತು ಗಟ್ಟಿಯಿದೆ ಎಂಬುದು ನನಗೂ ಗೊತ್ತು, ಬಹುಶಃ ಅವರಿಗೂ ಗೊತ್ತು. ನಮ್ಮ ಕಡೆ ಛತ್ತೆಂದರೆ ಬಿಸಿಲು, ಕಳ್ಳರು, ಮಂದಿಯ ಕಣ್ಣು ಎಲ್ಲದರಿಂದ ಕಾಯುವುದು. ಅದರಡಿ ಮಲಗಿ ನಿಶ್ಚಿಂತೆಯಿಂದ ಜಂತಿ ಎಣಿಸಬಹುದು. ಇವರಿಗೆ ತಲೆಯ ಮೇಲಿನದು ಕಾಯುವಂಥದ್ದಲ್ಲ, ತಾವೇ ಅದನ್ನು ಕಾಯುತ್ತಿರಬೇಕು. ಒಂದೇ ರಾಜ್ಯದ ಎರಡು ಮೂಲೆಯಲ್ಲಿ ಇಷ್ಟು ಫರಕು ಇರಬಹುದೆಂದು ನಾನು ಎಣಿಸಿರಲಿಲ್ಲ. ನನ್ನ ಸಿಟ್ಟು ಇಳಿದು ಕುತೂಹಲ ಶುರುವಾಯಿತು.

ಮರುದಿನ ಜಗಲಿಯಲ್ಲಿ ಅವರ ಪಕ್ಕ ಹೋಗಿ ಕೂತೆ. “ಕಾಕಾ, ಮ್ಯಾಲೆ ಏನ ಕಾಣಬೇಕ್ರಿ ನಿಮಗ?”

“ಎಲ್ಲಾ ಕಾಣ್ಬೇಕಮ್ಮ. ಪುಡಿ ಬೀಳ್ತದೆ ಅಂತ ಮುಚ್ಚಿದ್ರಿ. ಪುಡಿ ಬಿದ್ರೆ ಅದು ಮಾತಾಡ್ತೈತೆ ಅಂತ. ಅದ್ರ ಬಾಯಿಗೇ ಬಟ್ಟೆ ಇಟ್ರೆ ಎಂಗೆ ಗೊತ್ತಾಗ್ತದೆ?”

“ಖರೆ ಐತ್ರಿ. ಆದ್ರ ಆ ಪುಡಿ ನನ್ನ ಅರಿವಿ ಕೆಡಸ್ತೈತ್ರಿ.”

“ಅರಿವು ಕೆಡಿಸ್ತದಾ?” ಅವರು ನಿಜವಾಗಿಯೂ ಗಾಬರಿಯಾಗಿ ನನ್ನ ತಲೆ ನೋಡಿದರು. “ಪುಡೀಗೆ ಬುದ್ಧಿ ಎಂಗಮ್ಮಾ ಕೆಡ್ತದೆ?”

ನಮ್ಮ ಕಡೆ ಅರಿವಿ ಎಂದರೆ ಬಟ್ಟೆ.

“ಬಟ್ಟಿ ರೀ ಕಾಕಾ, ಬಟ್ಟಿ!” ಎಂದು ಸೆರಗು ಹಿಡಿದು ತೋರಿಸಿದೆ. ಅವರು ಮೊದಲು ಸಣ್ಣಗೆ, ಆಮೇಲೆ ಭುಜ ಕುಣಿಸಿ ನಕ್ಕರು. ಆ ಶುಕ್ರವಾರದ ನಂತರ ಅವರು ನಕ್ಕಿದ್ದು ಅದೇ ಮೊದಲು. ನಕ್ಕಾದ ಮೇಲೆ, “ಸರಿ, ನಿಮ್ಮ ಬಟ್ಟೇನೂ ಕೆಡಬಾರ್ದು, ನಂಗೂ ಕಾಣ್ಬೇಕು. ಅದೆಂಗೆ ಮಾಡ್ತೀರೋ ಮಾಡಿ,” ಎಂದು ಎದ್ದು ಹೋದರು.

ಹೇಗೆ ಮಾಡುವುದೆಂದು ಹೊಳೆದದ್ದು ಪೇಟೆಯಲ್ಲಿ. ಬಿಸಿಲೇರಿದಾಗ ಅಂಗಡಿಯವರು ಹಗ್ಗ ಜಗ್ಗಿ ತಾಡಪಾಲನ್ನು ಅಂಗಡಿಯ ಮುಂದೆ ಎಳೆದುಕೊಳ್ಳುತ್ತಾರೆ, ಸಂಜೆ ಮತ್ತೆ ಸರಿಸುತ್ತಾರೆ. ಮನೆಗೆ ಬಂದವಳೇ ಕೌದಿಯನ್ನು ಉದ್ದುದ್ದಕ್ಕೆ ಬಿಚ್ಚಿ ಪಟ್ಟಿಗಳಾಗಿ ಮಾಡಿದೆ. ಒಂದೊಂದು ಪಟ್ಟಿಯ ಎರಡು ಅಂಚಿಗೂ ಪರದೆಯ ರಿಂಗು ಹೊಲಿದೆ. ಗೋಡೆಯಿಂದ ಗೋಡೆಗೆ ತಂತಿ ಬಿಗಿಸಿ ರಿಂಗುಗಳನ್ನು ಪೋಣಿಸಿ, ಎಳೆಯಲು ಹಳೆಯ ಹಗ್ಗ ಕಟ್ಟಿದೆ. ಅದಕ್ಕೂ ಮೊದಲು ನಮ್ಮವರನ್ನು ಏಣಿ ಹತ್ತಿಸಿದೆ. ಅವರು ತಂತಿಯ ತುದಿಗಳನ್ನೆಲ್ಲ ಇಕ್ಕಳದಿಂದ ಕತ್ತರಿಸಿದರು, ಸಡಿಲಾಗಿದ್ದ ಸಿಮೆಂಟನ್ನು ಬ್ರಷ್ಷಿನಿಂದ ಉಜ್ಜಿ ಕೆಡವಿದರು, ಗೋಂದು ಬೆರೆಸಿದ ಸುಣ್ಣವನ್ನು ತೆಳುವಾಗಿ ಬಳಿದರು. ಬೆವರುವ ಪೈಪಿಗೆ ಗೋಣಿಚೀಲ ಸುತ್ತಿ ನೀಲಿ ಬಳಿದೆವು, ಅಡುಗೆಮನೆಯದಕ್ಕೆ ಹಳದಿ. ಕತ್ತು ನೋಯಿಸಿಕೊಂಡು ನಮ್ಮವರು, “ನಿನ್ನ ಛತ್ತಿಗಿಂತ ಹಳಿ ಬದಲಸೂದು ಹಗುರ,” ಎಂದರು. ಹೊಸದಾಗಿ ಕೊಂಡದ್ದು ರಿಂಗು, ತಂತಿ, ಸುಣ್ಣ, ಒಂದಿಷ್ಟು ಬಣ್ಣ ಮಾತ್ರ. ಎಲ್ಲ ಪಟ್ಟಿಗಳನ್ನೂ ಒಂದು ಗೋಡೆಗೆ ಸರಿಸಿಟ್ಟು ಮುನಿಯಪ್ಪನವರನ್ನು ಕರೆದೆ.

ಅವರು ಮೆಟ್ಟಿಲ ತುದಿಯಲ್ಲಿ ನಿಂತರು. ಈ ಮನೆ ಕಟ್ಟಿದ ಮೇಲೆ ಅವರು ಅಲ್ಲಿಗೆ ಇಳಿದೇ ಇಲ್ಲವೆಂದು ನಾನು ಕರೆಯಲು ಹೋದಾಗ ಯಲ್ಲಮ್ಮ ಪಿಸುಗುಟ್ಟಿದ್ದರು. ವರಲಕ್ಷ್ಮಿ ನನ್ನ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

“ಟಾರ್ಚ್ ಐತಾ?” ಎಂದರು.

ಟ್ಯೂಬ್‌ಲೈಟ್ ಉರಿಯುತ್ತಿತ್ತು. ಆದರೂ ಕೊಟ್ಟೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಉದ್ದನೆಯ ಕಬ್ಬಿಣದ ಸರಳು ಹಿಡಿದು ಇಳಿದರು. ಮೂಲೆಯಿಂದ ಶುರು ಮಾಡಿದರು. ತಟ್ಟುವುದು, ತಲೆ ವಾರೆ ಮಾಡಿ ಕೇಳುವುದು, ಒಂದು ಹೆಜ್ಜೆ ಸರಿಯುವುದು, ಮತ್ತೆ ತಟ್ಟುವುದು. ಬಿಳಿಯ ಸುಣ್ಣದ ಮೇಲೆ ಕೂದಲಿನಂಥ ಒಂದು ಗೆರೆ ಕಂಡಲ್ಲಿ ಬಹಳ ಹೊತ್ತು ನಿಂತರು. ಉಸಿರು ಜೋರಾಗಿತ್ತು, ಹಣೆಯಲ್ಲಿ ಬೆವರು. ಅವರಿಗೆ ಏನು ಕೇಳಿಸುತ್ತಿತ್ತೋ ನನಗೆ ತಿಳಿಯದು, ನನಗೆ ಕೇಳಿಸಿದ್ದು ಸಿಮೆಂಟಿಗೆ ಕಬ್ಬಿಣ ತಾಗಿದ ಸದ್ದು ಅಷ್ಟೇ. ಕೊನೆಯ ಮೂಲೆ ಮುಗಿಸಿ, ಸರಳನ್ನು ಗೋಡೆಗೆ ಒರಗಿಸಿ, ಮೆಟ್ಟಿಲ ಕಡೆ ಮುಖ ಮಾಡಿ ಗಟ್ಟಿಯಾಗಿ ಹೇಳಿದರು.

“ಲೇ ಯಲ್ಲೀ, ಕೆಳ್ಗಡೆ ಚೆನ್ನಾಗೈತೆ ಕಣೇ.”

ಮೇಲೆ ನಿಂತಿದ್ದ ಯಲ್ಲಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

“ದಿನಾ ಬೆಳಿಗ್ಗೆ ನಾನು ನೋಡಿ ಏಳಿದ್ಮೇಲೇನೇ ಬಟ್ಟೆ ಎಳೀಬೇಕು,” ಎಂದರು ಸೊಸೆಗೆ. “ಈಗ ಎಳ್ಕೊಳ್ಳಮ್ಮ.” ವರಲಕ್ಷ್ಮಿ ಹಗ್ಗ ಜಗ್ಗಿದಳು. ರಿಂಗುಗಳು ಸರ್ರನೆ ಓಡಿದವು. ಅವಳ ಕಣ್ಣು ತುಂಬಿತ್ತು, ನನ್ನದೂ.

ಆ ತಿಂಗಳ ಕೊನೆಗೆ ಅವಳು ರೈಲು ಬಿಟ್ಟಳು. ಮೊದಲು ಹೊಲಿದದ್ದು ಮಗಳಿಗೊಂದು ಖಣದ ಲಂಗ, ಮೇಲೊಂದು ಅಂಗಿ. ಅಳತೆಯಿಂದ ಗುಂಡಿಯವರೆಗೆ ಎಲ್ಲವೂ ಅವಳದೇ, ಒಂದು ತೋಳು ಮಾತ್ರ ಸ್ವಲ್ಪ ಗಿಡ್ಡವಾಯಿತು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಹಿಂದಿರುಗಿದರು. ಬಂದವರು ಮೊದಲು ಕೇಳುವುದು, “ಮಾವ ನೋಡಿದ್ರಾ?” ಎಂದು. ದಿನವೂ ಅವರು ತಟ್ಟಿ ಮುಗಿಸುವವರೆಗೆ ನಾವು ಯಂತ್ರ ಮುಟ್ಟುವುದಿಲ್ಲ. ಅದರಿಂದ ಛತ್ತಿಗೆ ಉಪಯೋಗವಿಲ್ಲ ಎಂದು ನಮ್ಮವರು ಈಗಲೂ ಹೇಳುತ್ತಾರೆ, ಡ್ಯೂಟಿ ಇಲ್ಲದ ದಿನ ಟಾರ್ಚು ಹಿಡಿಯುವವರೂ ಅವರೇ.

ಗುಳೇದಗುಡ್ಡಕ್ಕೆ ಹೋದಾಗ ಅವ್ವನಿಗೆ, “ಬಿರ್ನೆ ಬಾ,” ಎಂದುಬಿಟ್ಟೆ. ಅವಳು ಯಾರ ಜೊತೆ ಮಾತಾಡುತ್ತಿದ್ದೀಯ ಎಂದಳು. ಇಲ್ಲಿ ಹೊಲಿಯುವವರ ಬಾಯಲ್ಲಿ ‘ಅರಿವಿ’ ಬಂದಿದೆ, ‘ಹ’ ಮಾತ್ರ ಬಂದಿಲ್ಲ. ನನ್ನ ‘ಹ’ವನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಅಲ್ಲಿದ್ದಾಗ ಮುದ್ದೆ ನೆನಪಾಗುತ್ತದೆ, ಇಲ್ಲಿದ್ದಾಗ ರೊಟ್ಟಿ. ಇದರಲ್ಲಿ ಯಾವ ಹಸಿವು ನಿಜವಾದದ್ದೆಂದು ಕೇಳಿದರೆ ಎರಡೂ ಎಂದೇ ಹೇಳಬೇಕು.

ಮೊನ್ನೆ ಸಂಜೆ ಎಲ್ಲರೂ ಮೇಲೆ ಹೋದ ಮೇಲೂ ನಾನು ಕೂತಿದ್ದೆ, ಕೆಲವು ರವಿಕೆಗಳಿಗೆ ಹುಕ್ಕು ಹಾಕುವುದು ಉಳಿದಿತ್ತು. ಫೋನು ಬಂತು. ಅವ್ವ.

“ಶಾಂತಾ, ವರ್ಗದ ಆರ್ಡರ್ ಬರತೈತಂತ ನಿನ್ನ ತಮ್ಮ ಅಂದ. ಖರೇನ? ಮನಿಗೆ ಯಾವಾಗ ಬರ್ತೀರಿ?”

ಇಲ್ಲಿಗೆ ಬಂದ ಹೊಸದರಲ್ಲಿ ನಾನೇ ಅತ್ತು ಕರೆದು ಹಾಕಿಸಿದ್ದ ಅರ್ಜಿ ಅದು. ಖರೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಮಾತು ಕೇಳಿಸಿತು. ಊಟಕ್ಕೆ ಬನ್ನಿ, ಮುದ್ದೆ ಆರುತ್ತಿದೆ ಎಂದು ಯಲ್ಲಮ್ಮ ಗಂಡನನ್ನು ಕರೆಯುತ್ತಿದ್ದರು. ಮುನಿಯಪ್ಪನವರು ಮೇಲಿನ ಮೆಟ್ಟಿಲಿನಲ್ಲಿ ಕೂತಿದ್ದರು. ಕೆಲಸ ಬಿಡುವ ಹೊತ್ತಿಗೆ ಅವರು ಅಲ್ಲಿ ಬಂದು ಕೂರುವುದನ್ನು ನೋಡಿದ್ದೆ, ಗಾಳಿಗೆ ಕೂರುತ್ತಾರೆ ಎಂದುಕೊಂಡಿದ್ದೆ.

“ತಡಿಯೇ,” ಎಂದರು ಹೆಂಡತಿಗೆ. “ನಮ್ಮೋರು ಒಬ್ರು ಇನ್ನೂ ಮೇಲಕ್ಕೆ ಬಂದಿಲ್ಲ.”

“ಶಾಂತಾ? ಕೇಳಸಾಕತ್ತೈತೇನು?” ಎಂದಳು ಅವ್ವ.

“ಆಮ್ಯಾಲೆ ಮಾತಾಡ್ತೀನಿ ಬೇ,” ಎಂದೆ. “ಮ್ಯಾಲೆ ಊಟಾ ಬಿಟ್ಟು ಕುಂತಾರ, ಮನಿಯವ್ರು.”

“ಅಳಿಯಾ ಬಂದಾನೇನು?”

“ಇಲ್ಲ, ಅವರಿಗೆ ಡ್ಯೂಟಿ ಐತಿ.”

“ಹೋಗು ಮತ್ತ, ಕಾಯಿಸಬ್ಯಾಡ,” ಎಂದಳು ಅವ್ವ. ನಾನು ಕೌದಿ ಸರಿಸಿ, ದೀಪ ಆರಿಸಿ, ಮೆಟ್ಟಿಲು ಹತ್ತಿದೆ.